ಪರದೆ ಸುಮ್ಮನಾದಾಗ

ಕೆಂಪಗುಡ್ಡದ ಚಿನ್ನದ ಗಣಿಯ ನಿಯಂತ್ರಣ ಕೊಠಡಿಯಲ್ಲಿ ಮೊದಲ ಹಸಿರು ಗೆರೆ ಕಾಣಿಸಿಕೊಂಡದ್ದು ಒಂದು ಮಂಗಳವಾರ, ಹತ್ತು ಗಂಟೆಯ ಚಹಾದ ಹೊತ್ತಿಗೆ. ನೂಲಿನೆಳೆಯಷ್ಟು ತೆಳ್ಳಗಿನ ಗೆರೆಯೊಂದು ಪರದೆಯ ಎಡತುದಿಯಿಂದ ಬಲತುದಿಗೆ ಸರಕ್ಕನೆ ಹಾಯ್ದು ಮಾಯವಾಯಿತು. ಅದರ ಬೆನ್ನಿಗೇ ಪರದೆಯ ಮೇಲಿನ ಅಕ್ಷರಗಳೆಲ್ಲ ಒಂದು ಬೆರಳಗಲ ಪಕ್ಕಕ್ಕೆ ಜರುಗಿ, ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ಕುಳಿತವು. ಹುಲಿಗೆಮ್ಮ ಲೋಟ ಕೆಳಗಿಟ್ಟು, ತನ್ನ ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದುಕೊಂಡಳು. ಉಪಕರಣ ವಿಭಾಗಕ್ಕೆ ಸೇರಿದ ಹನ್ನೊಂದು ವರ್ಷಗಳಲ್ಲಿ ಅವಳು ಯಾವ ದೋಷವನ್ನೂ ಬರೆದಿಡದೆ ಬಿಟ್ಟವಳಲ್ಲ.

ಅಲ್ಲಿದ್ದ ಹಳೆಯ ಕಂಪ್ಯೂಟರು ಬೀರುವಿನಷ್ಟು ದೊಡ್ಡದಿತ್ತು. ಅದು ಸತ್ತ ಮೇಲೆ ಇಸ್ಪೀಟಿನ ಎಲೆಯಷ್ಟಗಲದ ಒಂದು ಬೋರ್ಡು ಬಂದಿತ್ತು. ಇಡೀ ಕಂಪ್ಯೂಟರು ಆ ಒಂದೇ ಹಲಗೆಯ ಮೇಲೆ. ಅದಕ್ಕೊಂದು ಪರದೆ ಸಿಕ್ಕಿಸಿದರೆ ಸಾಕು, ಒಂದು ಕಿಲೋಮೀಟರ್ ಆಳದ ಗಣಿಯ ಫ್ಯಾನುಗಳು, ಪಂಪುಗಳು, ಕೆಳಗಿನ ನೀರಿನ ಮಟ್ಟ, ಜನರನ್ನು ಇಳಿಸಿ ಎತ್ತುವ ಕೇಜು ಈಗ ಎಲ್ಲಿದೆ ಎನ್ನುವುದು, ಎಲ್ಲ ಕಣ್ಣಮುಂದೆ. ಅಂಥ ಪರದೆಯಲ್ಲಿ ಅಂಕಿಗಳು ಜರುಗುವುದೆಂದರೆ ಆಟದ ಮಾತಲ್ಲ.

ಮೊದಲು ಅವಳು ಕರೆಂಟನ್ನೇ ಅನುಮಾನಿಸಿದಳು. ಪರದೆಯ ಮೂಲೆಯಲ್ಲಿ ಆಗಾಗ ಹಳದಿ ಮಿಂಚಿನ ಗುರುತು ಮೂಡುತ್ತಿತ್ತು. ಬೋರ್ಡಿಗೆ ವೋಲ್ಟೇಜ್ ಸಾಲುತ್ತಿಲ್ಲವೆಂದು ಅದರರ್ಥ. ನೋಡಿದರೆ, ಯಾರೋ ಮೊಬೈಲ್ ಚಾರ್ಜರನ್ನೇ ಸಿಕ್ಕಿಸಿ ಹೋಗಿದ್ದರು. ಅದನ್ನು ಕಿತ್ತು ಸರಿಯಾದ ಅಡಾಪ್ಟರ್ ಹಾಕಿದಳು. ಮಿಂಚು ಹೋಯಿತು, ಗೆರೆ ಹೋಗಲಿಲ್ಲ. ಪರದೆಯಲ್ಲಿ ಚಿತ್ರ ಬದಲಾಗುವ ವೇಗ ಇಳಿಸಿದಳು. ಚಿತ್ರ ಬಿಡಿಸುವ ತಂತ್ರಾಂಶವನ್ನು ಹಳೆಯದಕ್ಕೆ ತಿರುಗಿಸಿದಳು. ಮೆಮೊರಿ ಕಾರ್ಡನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಿದಳು. ಸ್ಟೋರಿನಿಂದ ಬೇರೆ ಮಾನಿಟರ್ ತರಿಸಿದಳು. ಒಂದೊಂದು ಸಲವೂ ಒಂದೆರಡು ದಿನ ಎಲ್ಲ ನೆಟ್ಟಗಿದ್ದು, ‘ಇನ್ನು ಸರಿಹೋಯಿತು’ ಎಂದು ಅವಳು ಅಂದುಕೊಳ್ಳುವ ಹೊತ್ತಿಗೆ ಪರದೆಯ ಮೇಲಿನ ಕಿಟಕಿಗಳು ಓರೆಯಾಗಿ ಹರಿದು, ಹಸಿರು ಗೆರೆಗಳು ಹಾಯುತ್ತಿದ್ದವು.

ಗಂಟೆಗೊಮ್ಮೆ ಅತಿ ಕೆಳಗಿನ ಪಂಪಿನ ಕೋಣೆಯಿಂದ ಭೀಮರಾಯ ಫೋನು ಮಾಡುತ್ತಿದ್ದ. ಗಣಿಯ ತಳದಲ್ಲಿ ಒಸರುವ ನೀರನ್ನು ಮೇಲಕ್ಕೆತ್ತುವ ಪಂಪುಗಳನ್ನು ನೋಡಿಕೊಳ್ಳುವವನು ಅವನು. ಇಡೀ ಪಾಳಿ ಒಬ್ಬನೇ ಇರುತ್ತಿದ್ದುದರಿಂದ ನೀರಿನ ಮಟ್ಟ ಹೇಳಿದ ಮೇಲೂ ನಾಲ್ಕು ಮಾತು ಹೆಚ್ಚಿಗೆ ಆಡುತ್ತಿದ್ದ.

“ಅಕ್ಕಾ, ನಿಮ್ಮ ಟೀವಿ ರಿಪೇರಿ ಆತೇನು?”

“ಎಲ್ಲಿದು ಭೀಮರಾಯ! ಇವತ್ತು ಮುಂಜಾನಿಂದ ಹದಿನಾಕು ಸಲ ಗೆರಿ ಹೊಡದದ.”

“ನಿಮ್ಮ ಎಂಜಿನಿಯರ್ ಕುಲಕರ್ಣಿ ಸಾಹೇಬರಿಗೆ ಹೇಳ್ರಿ, ಎರಡು ಏಟು ಹಾಕ್ತಾರ. ನಮ್ಮನ್ಯಾಗಿನ ಟೀವಿ ಹಂಗೇ ಸುದ್ದ ಆಗ್ತದ.”

ಹುಲಿಗೆಮ್ಮ ನಕ್ಕಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಕೊನೆಗೆ ಉಳಿದದ್ದು ಬೋರ್ಡು. ಸ್ಟೋರಿನಲ್ಲಿದ್ದ ಇನ್ನೊಂದು ಬೋರ್ಡನ್ನು ಅದರ ಜಾಗದಲ್ಲಿ ಕೂಡಿಸಿ, ಕೆಟ್ಟಿದೆ ಎಂದುಕೊಂಡದ್ದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ತಂದಳು.

ಗಣಿಯ ಕಾಲೊನಿಯಲ್ಲಿ ಅವರದು ಎರಡು ಕೋಣೆಯ ಕ್ವಾರ್ಟರ್ಸು. ಗಂಡ ಅಮರೇಶ ಗಣಿಯ ಇಪ್ಪತ್ತೇಳನೇ ಲೆವೆಲ್ಲಿನಲ್ಲಿ, ಅಂದರೆ ಮೇಲಿನಿಂದ ಇಪ್ಪತ್ತೇಳನೇ ಸುರಂಗದ ಅಂತಸ್ತಿನಲ್ಲಿ, ಬಂಡೆ ಕೊರೆಯುವ ಡ್ರಿಲ್ಲರ್. ಮೊದಲ ಪಾಳಿ ಮುಗಿಸಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಅತ್ತೆ ದುರುಗಮ್ಮ ಟೀವಿಯ ಮುಂದೆ ಕುಳಿತಿದ್ದಳು.

“ಅತ್ತೀ, ಒಂದು ತಾಸು ಟೀವಿ ನನಗ ಕೊಡ್ರಿ. ಇದನ್ನ ಹಚ್ಚಿ ನೋಡಬೇಕು.”

“ನನ್ನ ಧಾರಾವಾಹಿ ಇವತ್ತೇ ಮುಗೀಬೇಕಾಗಿತ್ತಲ್ಲೇ ಯವ್ವಾ!” ಎಂದು ಗೊಣಗುತ್ತ ದುರುಗಮ್ಮ ಚಹಾ ಇಡಲು ಎದ್ದಳು.

ಬೋರ್ಡು ಟೀವಿಗೆ ಹೊಂದಿಕೊಂಡಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮುಕ್ಕಾಲು ತಾಸು. ಒಂದು ಗೆರೆ ಇಲ್ಲ, ಒಂದು ಅಕ್ಷರ ಜರುಗಲಿಲ್ಲ. ಬೋರ್ಡಿಗೆ ಏನೂ ಆಗಿರಲಿಲ್ಲ. ಹುಲಿಗೆಮ್ಮ ತಲೆ ಹಿಡಿದುಕೊಂಡು ಕುಳಿತಳು. ಅಷ್ಟರಲ್ಲಿ ಅತ್ತೆ ಒಲೆ ಹತ್ತಿಸಲು ಗ್ಯಾಸ್ ಲೈಟರ್ ಒತ್ತಿದಳು. ಟಕ್.

ಟೀವಿಯ ಮೇಲೆ ಹಸಿರು ಗೆರೆ ಹಾಯಿತು.

“ಅತ್ತೀ, ಇನ್ನೊಮ್ಮಿ ಒತ್ತ್ರಿ.”

“ಒಲಿ ಹತ್ತೇದಲ್ಲ.”

“ಹತ್ತಿದ್ರೂ ಒತ್ತ್ರಿ!”

ಟಕ್. ಗೆರೆ. ಟಕ್. ಗೆರೆ, ಹಿಂದೆಯೇ ಅಕ್ಷರಗಳ ಜರುಗಾಟ. ಐದು ವಾರದಿಂದ ಅವಳ ನೋಟ್‌ಬುಕ್ಕಿನಲ್ಲಿ ತುಂಬಿಕೊಂಡಿದ್ದ ದೋಷ ಇದೇ.

ಲೈಟರಿನೊಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಒಂದು ಪುಟ್ಟ ಹರಳು. ಅದರ ಮೇಲೆ ಸ್ಪ್ರಿಂಗಿನ ಏಟು ಬಿದ್ದಾಗ ಹರಳು ಒತ್ತಡಕ್ಕೆ ಸಿಕ್ಕು ವಿದ್ಯುತ್ತು ಚಿಮ್ಮಿಸುತ್ತದೆ. ಆ ಕಿಡಿಯ ಜೊತೆ ರೇಡಿಯೊದಲ್ಲಿ ಕೇಳುವ ಕರಕರ ಸದ್ದಿನಂಥ ಅಲೆಯೊಂದು ಸುತ್ತ ಹರಡುತ್ತದೆ. ಹರಿಯುತ್ತಿರುವ ಚಿತ್ರಕ್ಕೆ ಆ ಅಲೆ ತಗುಲಿದರೆ ಗೆರೆ ಮೂಡುತ್ತದೆ.

ಅಮರೇಶ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. “ಏನದು, ಅತ್ತಿ ಸೊಸಿ ಕೂಡಿ ಲೈಟರ್ ಸಂಗಾಟ ಆಡಕತ್ತೀರಿ?”

“ಒಂದು ಮಾತು ಕೇಳ್ತೀನಿ ಹೇಳ್ರಿ. ನೀವು ಕೊರೆಯೋ ಬಂಡಿಗಲ್ಲು ಎಂಥಾದು?”

“ಎಂಥಾದಂದ್ರ? ಕರೇ ಬಂಡಿ ನಡುವ ಬೆಣಚುಕಲ್ಲಿನ ಪಟ್ಟಿ. ಬಂಗಾರ ಇರೋದೇ ಬೆಣಚುಕಲ್ಲಿನಾಗ.” ಅವನು ಚಹಾ ತೆಗೆದುಕೊಂಡ. “ಈಗೀಗ ಬಾಳ ಸಿಡೀತಾವ ನೋಡು. ಡ್ರಿಲ್ ಬಂದ್ ಮಾಡಿದ್ರೂ ಗ್ವಾಡ್ಯಾಗ ಚಟ್ ಚಟ್ ಅಂತದ.”

ಬೆಣಚುಕಲ್ಲು. ಲೈಟರಿನ ಹರಳಿನ ಜಾತಿಯ ಗುಣವೇ ಅದಕ್ಕೂ ಉಂಟು: ಒತ್ತಿದರೆ ವಿದ್ಯುತ್ತು ಕೊಡುವ ಕಲ್ಲು. ಅಡುಗೆಮನೆಯ ಲೈಟರಿನಲ್ಲಿ ಇರುವುದು ಜೋಳದ ಕಾಳಿನಷ್ಟು ಹರಳು. ಕೆಳಗಿರುವುದು ಒಂದು ಗುಡ್ಡ.

ಮರುದಿನ ಅವಳು ಮಾಡಿದ ಮೊದಲ ಕೆಲಸ, ನೆಲದ ಮೇಲೆ ಅಂಗಾತ ಮಲಗಿ ಮೇಜಿನಡಿಯ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಹೋದದ್ದು. ಬೋರ್ಡಿನ ಅರ್ತಿಂಗ್ ತಂತಿ ಗೋಡೆಯ ಹಿಂದೆ ಇಳಿದು, ಗಣಿಯ ಹಳೆಯ ಟೆಲಿಫೋನ್ ಕೇಬಲ್ಲಿನ ತಾಮ್ರದ ಹೊದಿಕೆಗೆ ಬೆಸೆದುಕೊಂಡಿತ್ತು. ಆ ಕೇಬಲ್ಲು ಕೇಜು ಇಳಿಯುವ ಬಾವಿಯಾದ ಶಾಫ್ಟಿನ ಗೋಡೆಗುಂಟ ಇಳಿದು ಗಣಿಯ ತಳದವರೆಗೂ ಹೋಗುತ್ತದೆ. ಅಂದರೆ, ಯಾರೂ ಬೇಕೆಂದು ಮಾಡದೆಯೇ ಅಲೆ ಹಿಡಿಯುವ, ಒಂದು ಕಿಲೋಮೀಟರ್ ಉದ್ದದ ಏರಿಯಲ್ ತಯಾರಾಗಿತ್ತು. ಕೆಳಗೆ ಬಂಡೆ ಒತ್ತಡಕ್ಕೆ ನಲುಗಿದಾಗಲೆಲ್ಲ ಮೇಲೆ ಈ ಚಿತ್ರ ನಡುಗುತ್ತಿತ್ತು.

ಗಣಿಯಲ್ಲಿ ನೆಲದ ಕಂಪನ ದಾಖಲಿಸುವ ಯಂತ್ರವೂ ಇತ್ತು. ಆದರೆ ಅದು ಬಂಡೆ ಸಿಡಿದ ಮೇಲೆ ಹೇಳುವಂಥದು. ಸಿಡಿಯುವ ಮೊದಲು ಹೇಳುವುದಲ್ಲ. ಹುಲಿಗೆಮ್ಮ ಅದರ ದಾಖಲೆಯನ್ನು ತನ್ನ ನೋಟ್‌ಬುಕ್ಕಿನ ಪಕ್ಕ ಬಿಡಿಸಿಟ್ಟುಕೊಂಡಳು. ಐದು ವಾರದಲ್ಲಿ ಮೂರು ಸಣ್ಣ ಸಿಡಿತಗಳಾಗಿದ್ದವು. ಮೂರೂ ಯಾರೂ ಓಡಾಡದ ಹಳೆಯ ಸುರಂಗಗಳಲ್ಲಿ ಆಗಿದ್ದರಿಂದ ಯಾರಿಗೂ ಪೆಟ್ಟಾಗಿರಲಿಲ್ಲ. ಮೂರು ಸಲವೂ ಅದಕ್ಕೆ ಮುಂಚೆ ನಾಲ್ಕೈದು ತಾಸು ಪರದೆಯ ಮೇಲೆ ಗೆರೆಗಳ ಸುರಿಮಳೆ. ಇದನ್ನು ಅವಳು ನಿರೀಕ್ಷಿಸಿಯೇ ಇದ್ದಳು. ನಿರೀಕ್ಷಿಸದಿದ್ದದ್ದು ಇನ್ನೊಂದು. ಸಿಡಿಯುವ ಹೊತ್ತಿಗೆ ಗೆರೆಗಳು ಇರಲೇ ಇಲ್ಲ. ಮೊದಲ ಸಲ ಸಿಡಿತಕ್ಕೆ ಮೂವತ್ತೆಂಟು ನಿಮಿಷ ಮುಂಚಿನಿಂದಲೇ ಪರದೆ ಪೂರಾ ಸ್ವಚ್ಛವಾಗಿತ್ತು. ಎರಡನೇ ಸಲ ನಲವತ್ತೇಳು ನಿಮಿಷ. ಮೂರನೇ ಸಲ ನಲವತ್ತನಾಲ್ಕು.

ಬಂಡೆ ಬಿರುಕು ಬಿಡುತ್ತಿರುವಷ್ಟು ಹೊತ್ತು ಅದರ ಒತ್ತಡ ಅಷ್ಟಷ್ಟಾಗಿ ಹೊರಗೆ ಹೋಗುತ್ತಿರುತ್ತದೆ. ಬಿರುಕು ಬಿಡುವುದು ನಿಂತಿತೆಂದರೆ ಒತ್ತಡ ನಿಂತಿತು ಅಂತಲ್ಲ. ಹೋಗಲು ದಾರಿ ಉಳಿದಿಲ್ಲ ಅಂತ.

ವಿಭಾಗದ ಎಂಜಿನಿಯರ್ ವಿಜಯೀಂದ್ರ ಕುಲಕರ್ಣಿ ಧಾರವಾಡದ ಕಡೆಯವರು, ಸಿಟ್ಟು ಕಡಿಮೆ, ಕೆಲಸ ಹೆಚ್ಚು. ನೋಟ್‌ಬುಕ್ಕನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀವು ಹೇಳೋದು ಸುಳ್ಳು ಅಂತ ನಾ ಅನ್ನೂದಿಲ್ಲ ಹುಲಿಗೆಮ್ಮ. ಆದ್ರ ಮೂರು ಸಲ ಹೊಂದಿಕಿ ಆಗೇದ ಅಂತ ಗಣಿ ಬಂದ್ ಮಾಡ್ರಿ ಅಂದ್ರ ಮ್ಯಾಲಿನವರು ಕೇಳ್ತಾರೇನು? ಪರದೆ ಕೆಟ್ಟದ, ಅದಕ್ಕ ಮಂದಿನ್ನ ಮ್ಯಾಲೆ ತಗೀರಿ ಅಂತ ಹೆಂಗ ಬರೀಲಿ?”

“ನಾಕನೇ ಸಲ ಆಗೋತನ ಕಾಯೋಣೇನ್ರಿ ಸರ್?”

ಕುಲಕರ್ಣಿ ಕನ್ನಡಕ ಮತ್ತೆ ಹಾಕಿಕೊಂಡರು. ಆ ಸಂಜೆಯೇ ಭೂವಿಜ್ಞಾನಿಯೊಬ್ಬರನ್ನು ಕಳಿಸಿ ಎಂದು ಕೇಂದ್ರ ಕಚೇರಿಗೆ ಪತ್ರ ಬರೆದರು. ಎರಡು ವಾರದಲ್ಲಿ ಕಳಿಸುತ್ತೇವೆ, ಅಷ್ಟರೊಳಗೆ ಪರದೆಯ ದೋಷ ಸರಿಪಡಿಸಿ ಎಂದು ಉತ್ತರ ಬಂತು.

ಎಂಟನೇ ದಿನಕ್ಕೆ ಗೆರೆಗಳು ಮತ್ತೆ ಶುರುವಾದವು. ಈ ಸಲ ನಾಲ್ಕೈದು ತಾಸಿಗೆ ನಿಲ್ಲಲಿಲ್ಲ. ಒಂದು ಹಗಲು, ಒಂದು ರಾತ್ರಿ, ಇನ್ನೊಂದು ಹಗಲು. ಪಾಳಿ ಬದಲಾಗಿ ಬಂದವರು ಪರದೆ ಓದಲಾಗದೆ ಕಣ್ಣುಜ್ಜಿಕೊಳ್ಳುತ್ತಿದ್ದರು. ಅಂಕಿಗಳು ಒಂದರ ಮೇಲೊಂದು ಹತ್ತಿ ಕುಳಿತವು. ಕಿಟಕಿಗಳು ಹರಿದ ಕಾಗದದ ಹಾಗೆ ಚೂರುಚೂರಾಗಿ ತೇಲಿದವು. ಹುಲಿಗೆಮ್ಮ ಎಣಿಸುವುದನ್ನು ಬಿಟ್ಟಳು.

ಮೂರನೇ ದಿನ ಬೆಳಿಗ್ಗೆ ಅಮರೇಶ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುತ್ತಿದ್ದಾಗ ಅವಳು ಬುತ್ತಿಯ ಮೇಲೆ ಕೈ ಇಟ್ಟಳು.

“ಇವತ್ತು ಹೋಗಬ್ಯಾಡ್ರಿ.”

“ಯಾಕ?”

“ಅಂಜಿಕಿ ಆಗ್ತದ.”

ಅಮರೇಶ ಅವಳ ಮುಖ ನೋಡಿದ. ಗೆರೆಗಳ ವಿಷಯ ಅವನಿಗೆ ಗೊತ್ತಿತ್ತು. ಎರಡು ದಿನದಿಂದ ಅವಳು ಊಟ ಬಿಟ್ಟದ್ದೂ ಗೊತ್ತಿತ್ತು. “ನಾ ಒಬ್ಬ ಮನ್ಯಾಗ ಕುಂತ್ರ ಉಳದ ಮೂವತ್ತಾರು ಮಂದಿ? ಅವರ ಹೆಂಡ್ರು ಪರದೆ ನೋಡಾಂಗಿಲ್ಲ, ಅದಕ್ಕ ಅವರು ಇಳೀಬೇಕೇನು?” ಎಂದ. ಬೈದು ಹೇಳಿದ್ದಲ್ಲ. ಅವನ ದನಿಯಲ್ಲೂ ಅಂಜಿಕೆ ಇತ್ತು. “ನೀ ಮ್ಯಾಲೆ ಇರ್ತೀದಿ. ನೀ ಹೇಳಿದ್ರ ನಾ ಹೊರಗ ಬರ್ತೀನಿ. ಎಲ್ಲಾರ ಸಂಗಾಟ ಬರ್ತೀನಿ.”

ಅವಳು ಕೈ ತೆಗೆದಳು. ಅವನು ಹೋದ ಮೇಲೆ, ಯಾಕೆಂದು ಅವಳಿಗೇ ಸ್ಪಷ್ಟವಿಲ್ಲದೆ, ಒಲೆಯ ಪಕ್ಕದ ಲೈಟರನ್ನು ಬ್ಯಾಗಿಗೆ ಹಾಕಿಕೊಂಡಳು.

ಹನ್ನೊಂದು ಗಂಟೆಗೆ ಕುಲಕರ್ಣಿ ಹೊಸದೊಂದು ಕೇಬಲ್ ಹಿಡಿದುಕೊಂಡು ಬಂದರು. ಬೋರ್ಡಿನಿಂದ ಪರದೆಗೆ ಚಿತ್ರ ಒಯ್ಯುವ ಕೇಬಲ್ಲು. ದಪ್ಪ ಹೊದಿಕೆಯದು, ಹೊರಗಿನ ಅಲೆ ಒಳಗೆ ನುಗ್ಗದ ಹಾಗೆ ಎರಡು ತುದಿಗೂ ಕಬ್ಬಿಣದ ಗುಂಡು ಇರುವಂಥದು.

“ಸರ್, ಇವತ್ತೊಂದಿನ ರಿಪೇರಿ ಬ್ಯಾಡ್ರಿ. ಅದು ಕಾಣ್ತಿರಲಿ.”

“ಪಂಪಿನ ಅಂಕಿ ಓದಾಕ ಬರವಲ್ದು ಹುಲಿಗೆಮ್ಮ. ನೀರು ಏರಿದ್ರ ಅದೊಂದು ಅನಾಹುತ.” ಅವರ ಮಾತಿನಲ್ಲೂ ನ್ಯಾಯವಿತ್ತು. ಹಳೆಯ ಕೇಬಲ್ ಕಿತ್ತು ಹೊಸದನ್ನು ತಾವೇ ಸಿಕ್ಕಿಸಿದರು.

ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಎರಡು ಗೆರೆ ಹಾದವು. ಆಮೇಲೆ ಏನೂ ಇಲ್ಲ. ಮೂರು ದಿನದಿಂದ ಕುಣಿಯುತ್ತಿದ್ದ ಅಂಕಿಗಳು ಅಚ್ಚು ಹೊಡೆದ ಹಾಗೆ ನಿಂತವು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹನ್ನೆರಡು.

“ನೋಡ್ರಿ, ಕೇಬಲ್ಲೇ ಆಗಿತ್ತು!” ಕುಲಕರ್ಣಿ ದೊಡ್ಡದಾಗಿ ಉಸಿರು ಬಿಟ್ಟರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತು. ವರ್ಕ್‌ಶಾಪಿನಲ್ಲಿ ಕೆಲಸವಿದೆಯೆಂದು ಹೇಳಿ ಹೊರಟುಹೋದರು.

ಹುಲಿಗೆಮ್ಮ ಕುರ್ಚಿಯಲ್ಲಿ ಕುಳಿತಳು. ಅವಳಿಗೂ ಅದನ್ನು ನಂಬಬೇಕೆಂದು ಬಹಳ ಆಸೆಯಾಯಿತು. ಕೇಬಲ್ ಬದಲಿಸಿದೆವು, ದೋಷ ಹೋಯಿತು. ಇದಕ್ಕಿಂತ ಸುಲಭದ ಮಾತು ಯಾವುದಿದೆ? ಆದರೆ ಹೊಸ ಕೇಬಲ್ ಹಾಕಿದ ಮೇಲೂ ಎರಡು ಗೆರೆ ಹಾದಿದ್ದವು. ಅವಳು ಅದನ್ನು ಕಂಡಿದ್ದಳು. ಐದು ನಿಮಿಷ ಪರದೆ ನೋಡಿದಳು. ಹತ್ತು ನಿಮಿಷ ನೋಡಿದಳು.

ದೋಷ ಹುಡುಕುವವರಿಗೆಲ್ಲ ಗೊತ್ತಿರುವ ಒಂದು ಪರೀಕ್ಷೆ ಇದೆ. ಕೆಟ್ಟ ಭಾಗವನ್ನು ತಿರುಗಿ ಹಾಕಿ ನೋಡುವುದು. ದೋಷ ತಿರುಗಿ ಬಂದರೆ ಭಾಗ ಕೆಟ್ಟದ್ದು ಖರೆ. ಅವಳು ಹೊಸ ಕೇಬಲ್ ಬಿಚ್ಚಿ, ಕಸದ ಬುಟ್ಟಿಗೆ ಹೋಗಿದ್ದ ಹಳೆಯದನ್ನೇ ಎತ್ತಿ ಸಿಕ್ಕಿಸಿದಳು. ಪರದೆ ಕಪ್ಪಾಯಿತು. ಬೆಳಗಿತು.

‘ಬಾ,’ ಎಂದುಕೊಂಡಳು. ಐದು ವಾರ ಓಡಿಸಲು ಹೆಣಗಿದ್ದ ಆ ಗೆರೆಗಾಗಿ ಈಗ ಎರಡೂ ಕೈ ಮುಗಿಯುವುದೊಂದು ಬಾಕಿ. ‘ಒಂದೇ ಒಂದು ಸಲ ಬಾರೆ.’

ಬರಲಿಲ್ಲ. ಪರದೆ ಕೊಳದ ನೀರಿನ ಹಾಗೆ ನಿಂತಿತ್ತು.

ಬ್ಯಾಗಿನಿಂದ ಲೈಟರ್ ತೆಗೆದು ಬೋರ್ಡಿನ ಪಕ್ಕ ಹಿಡಿದು ಒತ್ತಿದಳು. ಟಕ್. ಹಸಿರು ಗೆರೆ ಸರಕ್ಕನೆ ಹಾಯಿತು. ಬೋರ್ಡಿನ ಕಿವಿ ತೆರೆದೇ ಇತ್ತು. ಅದಕ್ಕೆ ಕೇಳಿಸಲು ಕೆಳಗಿನಿಂದ ಏನೂ ಬರುತ್ತಿರಲಿಲ್ಲ.

ಅವಳು ಲೈಟರ್ ಕೆಳಗಿಟ್ಟಳು. ವರ್ಕ್‌ಶಾಪಿಗೆ ಫೋನು ಹಚ್ಚಿದಳು. “ಸರ್, ಹಳೇ ಕೇಬಲ್ ಹಾಕಿದ್ರೂ ಗೆರಿ ಬರವಲ್ದು. ಬಂಡಿ ಸುಮ್ಮನಾಗೇದ. ಮಂದಿನ್ನ ಮ್ಯಾಲೆ ಕರಸ್ರಿ.”

ಆ ಕಡೆ ಯಂತ್ರಗಳ ಗದ್ದಲ. “ಹತ್ತು ನಿಮಿಷ ತಡೀರಿ, ನಾ ಬರ್ತೀನಿ. ನಾ ಬರೋತನ ಏನೂ ಮಾಡಬ್ಯಾಡ್ರಿ.”

ಗಡಿಯಾರ ಹನ್ನೊಂದು ಇಪ್ಪತ್ತೊಂಬತ್ತು ತೋರಿಸುತ್ತಿತ್ತು. ಹದಿನೇಳು ನಿಮಿಷ ಹೋಗಿದ್ದವು.

ಗೋಡೆಯ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಕೆಂಪು ಹಿಡಿಕೆ. ಅದನ್ನು ತಿರುವಿದರೆ ಗಣಿಗೆ ಹೋಗುವ ಗಾಳಿಯಲ್ಲಿ ಕೊಳೆತ ಈರುಳ್ಳಿಯಂಥ ವಾಸನೆಯ ಗ್ಯಾಸು ಬೆರೆಯುತ್ತದೆ. ಕೆಳಗೆ ಡ್ರಿಲ್ಲಿನ ಸದ್ದಿನಲ್ಲಿ ಸೈರನ್ ಕೇಳಿಸುವುದಿಲ್ಲ; ವಾಸನೆ ಮಾತ್ರ ಎಲ್ಲರನ್ನೂ ಮುಟ್ಟುತ್ತದೆ. ಆ ವಾಸನೆ ಬಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಕೇಜಿನ ಹತ್ತಿರ ಓಡಬೇಕೆಂದು ಪ್ರತಿಯೊಬ್ಬನಿಗೂ ಮೊದಲ ದಿನವೇ ಕಲಿಸಿರುತ್ತಾರೆ. ಹಿಡಿಕೆ ತಿರುವುವ ಅಧಿಕಾರ ಮ್ಯಾನೇಜರಿಗೆ ಬಿಟ್ಟು ಯಾರಿಗೂ ಇಲ್ಲ.

ಹುಲಿಗೆಮ್ಮ ನೋಟ್‌ಬುಕ್ಕಿನ ಗಟ್ಟಿ ರಟ್ಟಿನಿಂದ ಗಾಜು ಒಡೆದು ಹಿಡಿಕೆ ತಿರುವಿದಳು.

ಕೇಜನ್ನು ಎತ್ತಿ ಇಳಿಸುವ ವೈಂಡರ್ ಯಂತ್ರದ ಮುಂದೆ ರಸೂಲ್ ಕುಳಿತಿರುತ್ತಿದ್ದ. ಇಪ್ಪತ್ತು ವರ್ಷದಿಂದ ಒಂದು ತಪ್ಪು ಮಾಡದ ಕೈ. ಅವನಿಗೆ ಫೋನು ಹಚ್ಚಿದಳು. “ರಸೂಲಣ್ಣ, ಗ್ಯಾಸ್ ಬಿಟ್ಟೀನಿ. ಕೇಜ್ ಇಪ್ಪತ್ತೇಳಕ್ಕ ಇಳಸು. ಯಾಕ ಏನು ಅಂತ ಕೇಳಬ್ಯಾಡ.”

“ಇಳಸಕತ್ತೀನಿ,” ಎಂದ ರಸೂಲ್. ಅಷ್ಟೇ.

ಆಮೇಲೆ ಪಂಪಿನ ಕೋಣೆಗೆ. ಅದು ಇಪ್ಪತ್ತೇಳನೇ ಲೆವೆಲ್ಲಿಗಿಂತಲೂ ಕೆಳಗೆ. ಅಲ್ಲಿಗೆ ಗಾಳಿ ಬೇರೆ ಕೊಳವೆಯಲ್ಲಿ, ನಿಧಾನವಾಗಿ ಹೋಗುತ್ತದೆ. ವಾಸನೆ ಮುಟ್ಟಲು ತಡವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಫೋನು ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಪಂಪಿನ ಜಾಲರಿಯಲ್ಲಿ ಸಿಕ್ಕ ಕೆಸರು ತೆಗೆಯಲು ಭೀಮರಾಯ ನೀರಿನ ಕಡೆ ಇಳಿದಿರಬೇಕು. ಇಟ್ಟಳು, ಮತ್ತೆ ಹಚ್ಚಿದಳು. ಇಟ್ಟಳು, ಮತ್ತೆ ಹಚ್ಚಿದಳು.

ಹನ್ನೊಂದು ಐವತ್ತಕ್ಕೆ ಮೊದಲ ಕೇಜಿನಲ್ಲಿ ಹದಿನಾಲ್ಕು ಜನ ಮೇಲೆ ಬಂದರು. ಕುಲಕರ್ಣಿ ಏದುಸಿರು ಬಿಡುತ್ತ ಒಳಗೆ ನುಗ್ಗಿದ್ದು ಆಗಲೇ. ಒಡೆದ ಗಾಜು ನೋಡಿದರು, ಸ್ವಚ್ಛವಾದ ಪರದೆ ನೋಡಿದರು. ಬಯ್ಯಲು ತೆರೆದ ಬಾಯಿ, ಮೇಜಿನ ಮೇಲೆ ಬಿದ್ದಿದ್ದ ಹೊಸ ಕೇಬಲ್ ಕಂಡು ಹಾಗೇ ಮುಚ್ಚಿಕೊಂಡಿತು. ಬೋರ್ಡಿಗೆ ಸಿಕ್ಕಿದ್ದು ಹಳೆಯದು ಎಂದು ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. “ಅಯ್ಯೋ ದೇವರ,” ಎಂದರು.

ಐವತ್ತೇಳಕ್ಕೆ ಎರಡನೇ ಕೇಜು. ಇನ್ನೂ ಹದಿನಾಲ್ಕು. ಅದರಲ್ಲಿ ಅಮರೇಶ ಇರಲಿಲ್ಲ. ಡ್ರಿಲ್ಲರುಗಳು ಕೊನೆಗೇ ಹತ್ತುವವರು. ಅವರ ಜಾಗ ಅತಿ ದೂರ.

ಹನ್ನೆರಡು ಗಂಟೆಗೆ ಪಂಪಿನ ಕೋಣೆಯ ಫೋನು ಎತ್ತಿಕೊಂಡ ಸದ್ದಾಯಿತು.

“ಹೇಳ್ರಿ ಅಕ್ಕಾ. ಕೆಸರಿನಾಗ ಇದ್ದೆ...”

“ಭೀಮರಾಯ, ಓಡು! ನಿಚ್ಚಣಿಕಿ ಹತ್ತಿ ಕೇಜಿಗೆ ಓಡು, ಬಂಡಿ ಸಿಡೀತದ!”

“ಹೊಂಟೆ ಅಕ್ಕಾ,” ಎಂದ. ಫೋನು ಇಡದೆ ಬಿಟ್ಟು ಓಡಿದ ಹೆಜ್ಜೆಗಳು ಕೇಳಿಸಿದವು.

ಇನ್ನೊಂದು ಫೋನು ಹೊಡೆದುಕೊಂಡಿತು. ರಸೂಲ್. “ಅಕ್ಕಾ, ಒಂಬತ್ತು ಮಂದಿ ಹತ್ಯಾರ, ಎತ್ತು ಅಂತ ಗಂಟಿ ಹೊಡದಾರ. ಭೀಮರಾಯ ಬರೋತನ ನಿಂದ್ರಸಲೇನು?”

ಪಂಪಿನ ಕೋಣೆಯಿಂದ ಕೇಜಿನವರೆಗೆ ನಿಚ್ಚಣಿಕೆ ಹತ್ತಿ ಬರಲು ಆರು ನಿಮಿಷ ಬೇಕು. ಪರದೆ ಸುಮ್ಮನಾಗಿ ನಲವತ್ತೊಂಬತ್ತು ನಿಮಿಷವಾಗಿತ್ತು. ಹಿಂದಿನ ಮೂರು ಸಲದಲ್ಲಿ ಯಾವುದೂ ಇಷ್ಟು ಹೊತ್ತು ಕಾದಿರಲಿಲ್ಲ. ಆ ಒಂಬತ್ತು ಜನರಲ್ಲಿ ಅಮರೇಶ ಇದ್ದಾನೆಂದು ಅವಳಿಗೆ ಗೊತ್ತಿತ್ತು. ಕುಲಕರ್ಣಿ ಅವಳ ಮುಖವನ್ನೇ ನೋಡುತ್ತಿದ್ದರು; ಹೇಳಬೇಕಾದವರು ಅವರು.

“ಎತ್ತು,” ಎಂದಳು ಹುಲಿಗೆಮ್ಮ. “ಅವರನ್ನ ಇಳಿಸಿ ತಿರುಗಿ ಕಳಸು.”

ಪರದೆಯ ಮೇಲೆ ಕೇಜಿನ ಚುಕ್ಕೆ ಏರತೊಡಗಿತು. ಇಪ್ಪತ್ತು. ಹದಿನೈದು. ಒಂಬತ್ತು. ನಾಲ್ಕು. ಹನ್ನೆರಡು ನಾಲ್ಕಕ್ಕೆ ಚುಕ್ಕೆ ಮೇಲ್ತುದಿ ಮುಟ್ಟಿತು, ಮತ್ತು ಅದೇ ಗಳಿಗೆಗೆ ಪರದೆ ಪೂರ್ತಿ ಹಸಿರಾಯಿತು. ಗೆರೆಯಲ್ಲ, ಇಡೀ ಹಸಿರು ಬೆಳಕು. ಆಮೇಲೆ ಕಾಲಡಿಯ ನೆಲ ಒಮ್ಮೆ ಕುಸಿದು ಎದ್ದಂತಾಯಿತು. ಕಪಾಟಿನ ಫೈಲುಗಳು ಉರುಳಿದವು. ಎತ್ತಿಟ್ಟಿದ್ದ ಫೋನಿನೊಳಗಿಂದ ದೊಡ್ಡ ಗಾಳಿ ಬೀಸಿದಂಥ ಸದ್ದು ಬಂತು, ಬಂದು ನಿಂತುಹೋಯಿತು.

ಇಪ್ಪತ್ತೇಳನೇ ಲೆವೆಲ್ಲಿನ ಅರ್ಧ ಕಿಲೋಮೀಟರ್ ಸುರಂಗ ಮುಚ್ಚಿಹೋಗಿತ್ತು. ಮೂವತ್ತೇಳು ಜನ ಮೇಲಿದ್ದರು. ಭೀಮರಾಯ ನಿಚ್ಚಣಿಕೆಯ ಅರ್ಧ ದಾರಿಯಲ್ಲಿ ಬಂಡೆಗೆ ಸಿಕ್ಕಿದ್ದ. ಅವನ ಹೆಣ ತೆಗೆಯಲು ರಕ್ಷಣಾ ದಳಕ್ಕೆ ಹನ್ನೊಂದು ದಿನ ಹಿಡಿಯಿತು.

ಜನ ಹುಲಿಗೆಮ್ಮನ ಮನೆಗೆ ಬಂದರು. ಕೆಲವರು ಕಾಲಿಗೆ ಬೀಳಲು ಹೋದರು. ಅವಳು ಒಳಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಇಪ್ಪತ್ತನೇ ದಿನ ಭೀಮರಾಯನ ಹೆಂಡತಿ ಈರಮ್ಮ ಬಂದಳು. ದುರುಗಮ್ಮ ಕೊಟ್ಟ ನೀರು ಕುಡಿಯದೆ ಬಾಗಿಲ ಬಳಿಯೇ ಕುಳಿತಳು.

“ಕೇಜ್ ಯಾಕ ನಿಂದ್ರಸಲಿಲ್ಲ?”

ಹುಲಿಗೆಮ್ಮ ಹೊರಗೆ ಬಂದು ಅವಳ ಎದುರಿಗೆ ನೆಲದ ಮೇಲೆ ಕುಳಿತಳು. ಆರು ನಿಮಿಷದ ಮಾತು ಹೇಳಿದಳು, ನಲವತ್ತೊಂಬತ್ತು ನಿಮಿಷದ ಮಾತು ಹೇಳಿದಳು. ನಿಲ್ಲಿಸಿದ್ದರೆ ಹತ್ತೂ ಜನ ಹೋಗುತ್ತಿದ್ದರೆಂದು ಹೇಳಲಿಲ್ಲ. ಅದು ಈಗ ಗೊತ್ತಾದದ್ದು, ಆಗ ಗೊತ್ತಿದ್ದದ್ದಲ್ಲ.

“ಅದರಾಗ ನಿನ್ನ ಗಂಡ ಇದ್ದ.”

“ಇದ್ದ.”

“ನಿನಗ ಗೊತ್ತಿತ್ತು.”

“ಗೊತ್ತಿತ್ತು.”

ಈರಮ್ಮ ಎದ್ದು ಹೋದಳು. ಒಳಗೆ ಮಂಚದ ಮೇಲೆ ಕುಳಿತಿದ್ದ ಅಮರೇಶ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವತ್ತು ಆ ಮನೆಯಲ್ಲಿ ಯಾರೂ ಒಲೆ ಹತ್ತಿಸಲಿಲ್ಲ.

ನಾಲ್ಕು ತಿಂಗಳಿಗೆ ವಿಚಾರಣೆ ಮುಗಿಯಿತು. ಹುಲಿಗೆಮ್ಮನ ನೋಟ್‌ಬುಕ್ಕನ್ನು ದೊಡ್ಡ ದೊಡ್ಡ ವಿಜ್ಞಾನಿಗಳು ಓದಿದರು. ಗಣಿಯ ಪ್ರತಿ ಲೆವೆಲ್ಲಿಗೂ ತಾಮ್ರದ ತಂತಿ ಇಳಿಯಿತು. ನಿಯಂತ್ರಣ ಕೊಠಡಿಯಲ್ಲಿ ಮೂರು ಲೆವೆಲ್ಲಿಗೊಂದರಂತೆ ಒಂಬತ್ತು ಬೋರ್ಡು, ಒಂಬತ್ತು ಪರದೆ ಸಾಲಾಗಿ ನಿಂತವು. ಗಣಿ ಮತ್ತೆ ತೆರೆಯಿತು. ಪ್ರತಿ ಪಾಳಿಗೂ ಮುಂಚೆ ಪರದೆಗಳನ್ನು ನೋಡಿ ‘ಸುರಕ್ಷಿತ’ ಎಂದು ಧ್ವನಿವರ್ಧಕದಲ್ಲಿ ಹೇಳುವ ಕೆಲಸ ಹುಲಿಗೆಮ್ಮನಿಗೆ ಬಂತು. ಅವಳು ಹೇಳಿದರೆ ಮಾತ್ರ ಇಳಿಯುತ್ತೇವೆಂದು ಕಾರ್ಮಿಕರೇ ಹಟ ಹಿಡಿದಿದ್ದರು.

ಮೊದಲ ದಿನ ಬೆಳಿಗ್ಗೆ ಅರವತ್ತು ಜನ ಶಾಫ್ಟಿನ ಬಾಯಿಯಲ್ಲಿ ನಿಂತಿದ್ದರು. ಕಿಟಕಿಯಿಂದ ಅವರ ಹಳದಿ ಟೋಪಿಗಳು ಕಾಣುತ್ತಿದ್ದವು. ಮೂರನೇ ಸಾಲಿನಲ್ಲಿ ಅಮರೇಶ. ಹುಲಿಗೆಮ್ಮ ಒಂಬತ್ತೂ ಪರದೆಗಳನ್ನು ನೋಡಿದಳು. ಎರಡು ದಿನದಿಂದ ಅವುಗಳ ಮೇಲೆ ಒಂದು ಗೆರೆಯೂ ಹಾದಿರಲಿಲ್ಲ. ಸುರಿಮಳೆ ಆಗದೆ ಬಂದ ಮೌನ ಕೆಟ್ಟದ್ದಲ್ಲ ಎಂದು ವಿಜ್ಞಾನಿಗಳು ಬರೆದುಕೊಟ್ಟಿದ್ದರು. ನಾಲ್ಕು ಸಿಡಿತಗಳನ್ನು ನೋಡಿ ಬರೆದ ಮಾತು ಅದು. ಐದನೆಯದು ಹೇಗೆ ಬರುತ್ತದೆಂದು ಯಾರು ಕಂಡಿದ್ದಾರೆ?

ಮೈಕಿನ ಗುಂಡಿ ಒತ್ತಿದಳು.

“ಎಲ್ಲಾರೂ ಕೇಳ್ರಿ. ಸುರಕ್ಷಿತ ಅದ ಅಂತ ನಾ ಹೇಳಾಂಗಿಲ್ಲ. ಒಂಬತ್ತೂ ಪರದೆ ಸುಮ್ಮನ ಅದಾವ. ಯಾಕ ಸುಮ್ಮನ ಅದಾವ ಅಂತ ನನಗ ಪೂರಾ ಗೊತ್ತಿಲ್ಲ. ನಾ ಇಲ್ಲಿಂದ ಏಳಾಂಗಿಲ್ಲ, ಕಣ್ಣು ತಗ್ಯಾಂಗಿಲ್ಲ. ಇಳಿಯೋದು ಬಿಡೋದು ನೀವು ಹೇಳ್ರಿ.”

ಹೊರಗೆ ಟೋಪಿಗಳು ಒಂದರ ಕಡೆಗೊಂದು ತಿರುಗಿದವು. ಇಬ್ಬರು ಗುಂಪು ಬಿಟ್ಟು ಮನೆಯ ದಾರಿ ಹಿಡಿದರು. ಅವರನ್ನು ಯಾರೂ ಕರೆಯಲಿಲ್ಲ. ಉಳಿದವರು ಬಹಳ ಹೊತ್ತು ನಿಂತರು. ಆಮೇಲೆ ಮೊದಲ ಹದಿನಾಲ್ಕು ಜನ ಒಬ್ಬೊಬ್ಬರಾಗಿ ಕೇಜಿನೊಳಗೆ ಹೋದರು. ಹತ್ತುವ ಮುಂಚೆ ಪ್ರತಿಯೊಬ್ಬನೂ ಒಮ್ಮೆ ಕಿಟಕಿಯ ಕಡೆ ನೋಡಿದ. ಅಮರೇಶನೂ ನೋಡಿದ. ಬಾಗಿಲ ಸರಳು ಬಿತ್ತು, ಗಂಟೆ ಮೂರು ಸಲ ಬಾರಿಸಿತು. ಉಕ್ಕಿನ ಹಗ್ಗ ಬಿಗಿದುಕೊಂಡು ಕತ್ತಲೆಯೊಳಕ್ಕೆ ಇಳಿಯತೊಡಗಿತು.